ಪೊರಕೆ ಹಿಡಿದ ಸಂತ

ಗೆಳೆಯರೇ, ದೇವರ ಪಟ, ಸಂತರ ಪಟಗಳನ್ನು ನಾವೆಲ್ಲ ನೋಡಿದ್ದೇವೆ. ಒಬ್ಬರ ಕೈಯಲ್ಲಿ ವೀಣೆ ಇರುತ್ತೆ, ಇನ್ನೊಬ್ಬರ ಕೈಯಲ್ಲಿ ಪುಸ್ತಕ, ಮತ್ತೊಬ್ಬರ ಕೈಯಲ್ಲಿ ಜಪಮಾಲೆ. ಆದರೆ ಪೊರಕೆ ಹಿಡಿದು ನಿಂತ ಸಂತರೊಬ್ಬರು ಇದ್ದಾರೆ. ಅವರೇ ಸಂತ ಮಾರ್ಟಿನ್ ಡಿ ಪೋರೆಸ್. ಅವರ ಪಟದಲ್ಲಿ ಕಾಲ ಹತ್ತಿರ ನಾಯಿ, ಬೆಕ್ಕು, ಇಲಿ ಮೂರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿರುತ್ತವೆ. ಇದೆಲ್ಲ ಯಾಕೆ ಅಂತ ತಿಳಿಯಬೇಕಾದರೆ ಅವರ ಜೀವನ ಚರಿತ್ರೆ ತಿಳಿಯಬೇಕು.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಲಿಮಾ ಎಂಬ ಪಟ್ಟಣವಿದೆ. ಮಾರ್ಟಿನ್ ಅಲ್ಲಿ 1579ನೇ ಇಸವಿ ಡಿಸೆಂಬರ್ 9ರಂದು ಹುಟ್ಟಿದರು. ಆಗ ಪೆರುವನ್ನು ಸ್ಪೇನ್ ದೇಶದವರು ಆಳುತ್ತಿದ್ದರು. ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತಂದು ಗುಲಾಮರನ್ನಾಗಿ ಮಾರುತ್ತಿದ್ದ ಕಾಲ ಅದು. ಮಾರ್ಟಿನ್ ಅವರ ತಂದೆ ಸ್ಪೇನಿನ ದೊಡ್ಡ ಮನೆತನದವರು. ತಾಯಿ ಆನಾ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಬಣ್ಣದ ಹೆಂಗಸು. ಮಗನೂ ಕಪ್ಪಗಿದ್ದ. ತಂದೆ ಮೊದಲು ಅವನನ್ನು ತನ್ನ ಮಗ ಅಂತ ಒಪ್ಪಲೇ ಇಲ್ಲ. ಚರ್ಚಿನ ಪುಸ್ತಕದಲ್ಲಿ ತಂದೆ ಯಾರೋ ಗೊತ್ತಿಲ್ಲ ಎಂದು ಬರೆದರು. ತಾಯಿಯೇ ಬಡತನದಲ್ಲಿ ಮಾರ್ಟಿನ್‌ನನ್ನೂ ಅವನ ತಂಗಿಯನ್ನೂ ಸಾಕಿದಳು.

ಸುಮಾರು ಹನ್ನೆರಡು ವರ್ಷಕ್ಕೆ ಮಾರ್ಟಿನ್ ಒಬ್ಬ ಕ್ಷೌರಿಕರ ಹತ್ತಿರ ಕೆಲಸ ಕಲಿಯಲು ಸೇರಿದರು. ಆ ಕಾಲದಲ್ಲಿ ಕ್ಷೌರಿಕರು ಕೂದಲು ಕತ್ತರಿಸೋದು ಮಾತ್ರವಲ್ಲ, ಗಾಯಕ್ಕೆ ಪಟ್ಟಿ ಕಟ್ಟೋದು, ಮೂಳೆ ಸರಿ ಮಾಡೋದು, ಔಷಧಿ ಕೊಡೋದು ಕೂಡ ಮಾಡುತ್ತಿದ್ದರು. ಮಾರ್ಟಿನ್ ಈ ವಿದ್ಯೆಯನ್ನೆಲ್ಲ ಚೆನ್ನಾಗಿ ಕಲಿತರು. ಬಡವರಿಂದ ದುಡ್ಡು ತೆಗೆದುಕೊಳ್ಳದೆ ಔಷಧಿ ಕೊಡುತ್ತಿದ್ದರು.

ಹದಿನೈದನೇ ವಯಸ್ಸಿನ ಸುಮಾರಿಗೆ ಅವರು ಲಿಮಾದ ಡೊಮಿನಿಕನ್ ಮಠಕ್ಕೆ ಹೋದರು. ಆದರೆ ಆಫ್ರಿಕಾದವರ ವಂಶದವರನ್ನು ಮಠದ ಪೂರ್ಣ ಸದಸ್ಯರನ್ನಾಗಿ ಸೇರಿಸಬಾರದು ಎಂಬ ಕಟ್ಟಳೆ ಅಲ್ಲಿತ್ತು. ಅದಕ್ಕೆ ಅವರು ಆಳಾಗಿ ಸೇರಿದರು. ನೆಲ ಗುಡಿಸಿದರು, ಬಟ್ಟೆ ಒಗೆದರು, ಅಡಿಗೆ ಮನೆಯಲ್ಲಿ ದುಡಿದರು, ರೋಗಿಗಳ ಸೇವೆ ಮಾಡಿದರು. ಕೆಲವರು ಅವರ ಬಣ್ಣ ಹಿಡಿದು ಹೀಯಾಳಿಸಿದರು. ಆದರೂ ಅವರು ಸೇವೆ ಬಿಡಲಿಲ್ಲ. ಕಡೆಗೆ 1603ರಲ್ಲಿ ಮಠದವರು ಅವರಿಗೆ ಸಹೋದರರಾಗಿ ದೀಕ್ಷೆ ಕೊಟ್ಟರು. ಮುಂದೆ ಮಠದ ಆಸ್ಪತ್ರೆಯ ಜವಾಬ್ದಾರಿಯೂ ಅವರಿಗೇ ಬಂತು. ಎಷ್ಟು ದೊಡ್ಡ ಜವಾಬ್ದಾರಿ ಬಂದರೂ ಅವರು ಪೊರಕೆಯನ್ನು ಮಾತ್ರ ಕೈಬಿಡಲಿಲ್ಲ.

ಒಂದು ಸಲ ಊರಿನಲ್ಲಿ ಸಾಂಕ್ರಾಮಿಕ ರೋಗ ಬಂತು. ಮಾರ್ಟಿನ್ ಬೀದಿಯ ರೋಗಿಗಳನ್ನೆಲ್ಲ ಮಠಕ್ಕೆ ಕರೆತಂದರು. ಮಠದವರಿಗೂ ರೋಗ ಹತ್ತೀತು ಅಂತ ಹೆದರಿ ಹಿರಿಯರು ಅದನ್ನು ತಡೆದರು. ಆಮೇಲೆ ಒಂದು ದಿನ ಚೂರಿ ಇರಿತದಿಂದ ರಕ್ತ ಸೋರುತ್ತಿದ್ದ ಒಬ್ಬ ಬಡ ಆದಿವಾಸಿ ಬೀದಿಯಲ್ಲಿ ಬಿದ್ದಿದ್ದ. ಮಾರ್ಟಿನ್ ಅವನನ್ನು ತಮ್ಮ ಕೋಣೆಗೇ ತಂದು ಆರೈಕೆ ಮಾಡಿದರು. ಹಿರಿಯರು ಗದರಿದಾಗ ಕ್ಷಮೆ ಕೇಳಿದರು. ಆದರೆ ದಯೆಗಿಂತ ಆಜ್ಞೆ ದೊಡ್ಡದು ಅಂತ ತನಗೆ ತಿಳಿದಿರಲಿಲ್ಲ ಎಂದರಂತೆ. ಈ ಮಾತು ಕೇಳಿ ಹಿರಿಯರ ಮನಸ್ಸು ಕರಗಿತು. ಮುಂದೆ ಅವರು ಮಾರ್ಟಿನ್ ಅವರನ್ನು ತಡೆಯಲಿಲ್ಲ.

ಈಗ ಪಟದ ತಟ್ಟೆಯ ವಿಷಯ. ಮಠದಲ್ಲಿ ಇಲಿಗಳು ಬಟ್ಟೆ ಕಡಿದಾಗ ಮಾರ್ಟಿನ್ ಅವುಗಳನ್ನು ಕೊಲ್ಲಲು ಬಿಡಲಿಲ್ಲ, ತೋಟಕ್ಕೆ ಕರೆದುಕೊಂಡು ಹೋಗಿ ದಿನಾ ಅನ್ನ ಹಾಕಿದರು ಎಂಬ ಕಥೆಯಿದೆ. ಹುಟ್ಟು ವೈರಿಗಳಾದ ನಾಯಿ, ಬೆಕ್ಕು, ಇಲಿ ಅವರ ಮುಂದೆ ಒಟ್ಟಿಗೆ ಉಂಡವು ಅಂತಲೂ ಹೇಳ್ತಾರೆ. ಕಥೆ ಹೇಗೇ ಇರಲಿ, ಅದರ ಅರ್ಥ ದೊಡ್ಡದು. ಲಿಮಾದಲ್ಲಿ ಸ್ಪೇನಿನವರು, ಆದಿವಾಸಿಗಳು, ಆಫ್ರಿಕಾದವರು ಅಂತ ಮೂರು ಪಂಗಡ. ಮೇಲು ಕೀಳು ಬಹಳ. ಆದರೆ ಮಾರ್ಟಿನ್ ಅವರ ಕಣ್ಣಿಗೆ ಎಲ್ಲರ ಗಾಯವೂ ಒಂದೇ.

ಅವರು 1639ರ ನವೆಂಬರ್ 3ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ. ಕೊನೆಯ ದರ್ಶನಕ್ಕೆ ಬಂದ ಜನ ನೆನಪಿಗೆಂದು ಅವರ ಬಟ್ಟೆಯ ಚೂರನ್ನು ಕತ್ತರಿಸಿಕೊಂಡು ಹೋದರಂತೆ. 1962ರಲ್ಲಿ ಪೋಪ್ 23ನೇ ಜಾನ್ ಅವರನ್ನು ಸಂತರೆಂದು ಸಾರಿದರು. ತೀರಿಕೊಂಡು 322 ವರ್ಷ ಆದ ಮೇಲೆ!

ಅವರನ್ನು ಕೀಳು ಅಂತ ತಿಳಿದವರು ಅವರಿಗೆ ಪೊರಕೆ ಕೊಟ್ಟರು. ಅದು ತಪ್ಪು ಕಟ್ಟಳೆ. ಆದರೆ ಗುಡಿಸುವ ಕೆಲಸ ಕೀಳಲ್ಲ, ಗುಡಿಸುವವರೂ ಕೀಳಲ್ಲ ಅಂತ ಅವರು ಬದುಕಿ ತೋರಿಸಿದರು. ಅದಕ್ಕೇ ಪಟದಲ್ಲಿ ಔಷಧಿಗಿಂತ ಮೊದಲು ನಮ್ಮ ಕಣ್ಣಿಗೆ ಬೀಳೋದು ಪೊರಕೆ. ಗೆಳೆಯರೇ, ನಮ್ಮ ಶಾಲೆಯಲ್ಲಿ ಗುಡಿಸೋ ಸರದಿ ಬಂದಾಗ ಯಾರೂ ಮುಖ ಸಿಂಡರಿಸಬಾರದು. ಯಾವಾಗಲೂ ಒಬ್ಬರ ಕೈಗೇ ಪೊರಕೆ ಕೊಟ್ಟು ಉಳಿದವರು ಸುಮ್ಮನೆ ಕೂರಲೂಬಾರದು.