ಸಮ್ಮೋಹನದ ಮುಸುಕು ತೆಗೆದ ವೈದ್ಯ: ಜೇಮ್ಸ್ ಬ್ರೇಡ್

ಸಮ್ಮೋಹನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಜಾದೂಗಾರನ ಆಟವೋ ವಶೀಕರಣದ ಕಥೆಯೋ ನೆನಪಾಗುತ್ತದೆ. ಒಬ್ಬನ ಕಣ್ಣಿನ ತೇಜಸ್ಸು ಇನ್ನೊಬ್ಬನ ಬುದ್ಧಿಯನ್ನು ಸೆರೆಹಿಡಿಯಬಲ್ಲುದೆಂದು ನಂಬುವವರು ಇಂದಿಗೂ ಇದ್ದಾರೆ. ಅದೆಲ್ಲವೂ ಬರಿಯ ಬೂಟಾಟಿಕೆಯೆಂದು ನಗುವವರೂ ಇದ್ದಾರೆ. ಈ ಎರಡು ದಾರಿಗಳನ್ನೂ ಬಿಟ್ಟು, ಕಂಡುದನ್ನು ಪರೀಕ್ಷಿಸಿ ತಿಳಿಯುವ ಮೂರನೆಯ ದಾರಿಯನ್ನು ಹಿಡಿದವನು ಜೇಮ್ಸ್ ಬ್ರೇಡ್. ಅವನ ಜೀವನವು ವಿದ್ಯಾರ್ಥಿಗಳಾದ ನಾವೆಲ್ಲರೂ ಅರಿಯತಕ್ಕುದಾಗಿದೆ.

ಬ್ರೇಡನು 1795ನೆಯ ಇಸವಿ ಜೂನ್ 19ರಂದು ಸ್ಕಾಟ್ಲೆಂಡಿನ ಕಿನ್ರಾಸ್ ಪ್ರಾಂತದಲ್ಲಿ ಜನಿಸಿದನು. ಎಡಿನ್‌ಬರೋ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತು ಶಸ್ತ್ರವೈದ್ಯನಾದನು. ಮೊದಲು ಲೆಡ್‌ಹಿಲ್ಸ್ ಎಂಬ ಊರಿನ ಸೀಸದ ಗಣಿಗಳಲ್ಲಿ ದುಡಿಯುವವರಿಗೆ ಚಿಕಿತ್ಸೆ ಮಾಡುತ್ತಿದ್ದು, ಕೆಲಕಾಲ ಡಂಫ್ರೀಸ್ ಪಟ್ಟಣದಲ್ಲಿದ್ದು, 1828ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಬಂದು ನೆಲೆಸಿದನು. ಸೊಟ್ಟಗಾಲು ಮತ್ತು ಮೆಳ್ಳೆಗಣ್ಣುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವುದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಆ ಕಾಲದಲ್ಲಿ ಯುರೋಪಿನಲ್ಲೆಲ್ಲ ಮೆಸ್ಮರನ ವಿದ್ಯೆಯ ಮಾತು ಹಬ್ಬಿದ್ದಿತು. ಪ್ರಾಣಿಗಳ ದೇಹದಲ್ಲಿ ಅಯಸ್ಕಾಂತದಂತಹ ಒಂದು ದ್ರವಶಕ್ತಿ ಹರಿಯುವುದೆಂದೂ, ಕೈಯಾಡಿಸಿ ಅದನ್ನು ತಿದ್ದಿದರೆ ರೋಗ ವಾಸಿಯಾಗುವುದೆಂದೂ ವೈದ್ಯ ಮೆಸ್ಮರನು ಸಾರಿದ್ದನು. 1784ರಲ್ಲಿ ಫ್ರಾನ್ಸಿನ ಅರಸನು ನೇಮಿಸಿದ ಮಂಡಲಿಯು ಇದನ್ನು ವಿಚಾರಿಸಿತು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಮುಂತಾದ ಪಂಡಿತರಿದ್ದ ಆ ಮಂಡಲಿಯು ಅಂತಹ ಶಕ್ತಿಯೇ ಇಲ್ಲವೆಂದೂ, ರೋಗಿಗಳಲ್ಲಿ ಕಂಡ ಮಾರ್ಪಾಟು ಕಲ್ಪನೆಯ ಫಲವೆಂದೂ ತೀರ್ಮಾನಿಸಿತು. ಆದರೆ ಕಲ್ಪನೆಯು ದೇಹವನ್ನು ಹೇಗೆ ಅಷ್ಟೊಂದು ಬದಲಿಸಬಲ್ಲುದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

1841ರ ನವೆಂಬರ್ 13ರಂದು ಲಾಫಾಂತೇನ್ ಎಂಬಾತನು ಮ್ಯಾಂಚೆಸ್ಟರಿನಲ್ಲಿ ಈ ವಿದ್ಯೆಯ ಪ್ರದರ್ಶನ ನಡೆಸಿದನು. ಇದೆಲ್ಲ ಮೋಸವೆಂದೇ ಭಾವಿಸಿ ಬ್ರೇಡನು ಅಲ್ಲಿಗೆ ಹೋದನು. ಆದರೆ ಮುಂದಿನ ಒಂದು ಪ್ರದರ್ಶನದಲ್ಲಿ, ಎದುರಿಗಿದ್ದವನು ಎಷ್ಟು ಯತ್ನಿಸಿದರೂ ಕಣ್ಣಿನ ರೆಪ್ಪೆಗಳನ್ನು ತೆರೆಯಲಾರದೆ ಹೋದುದು ಅವನ ಗಮನಕ್ಕೆ ಬಂದಿತು. ಇದು ನಟನೆಯಲ್ಲವೆಂದು ಅವನಿಗೆ ತೋರಿತು. ಇದಕ್ಕೆ ಕಾರಣ ಕಣ್ಣಿನ ಆಯಾಸವಿರಬಹುದೇ ಎಂದು ಆಲೋಚಿಸಿ, ಮನೆಯಲ್ಲಿಯೇ ಪರೀಕ್ಷೆಗೆ ತೊಡಗಿದನು.

ಮಿತ್ರನೊಬ್ಬನನ್ನು ಕುಳ್ಳಿರಿಸಿ, ಕಣ್ಣಿಗಿಂತ ಎತ್ತರದಲ್ಲಿಟ್ಟ ಒಂದು ಸೀಸೆಯ ಕತ್ತನ್ನೇ ಎವೆಯಿಕ್ಕದೆ ನೋಡಲು ಹೇಳಿದನು. ಮೂರು ನಿಮಿಷಗಳಲ್ಲಿ ಆತನ ರೆಪ್ಪೆಗಳು ಮುಚ್ಚಿದವು, ತಲೆ ಬಾಗಿತು. ಬ್ರೇಡನ ಪತ್ನಿಯು ಸಕ್ಕರೆ ಬಟ್ಟಲಿನ ಮೇಲಿನ ಚಿತ್ತಾರವನ್ನು ನಟ್ಟ ನೋಟದಿಂದ ನೋಡಿದಾಗಲೂ ಹಾಗೆಯೇ ಆಯಿತು. ಔಷಧದ ತಯಾರಿಕೆಯನ್ನೇ ನೋಡುತ್ತಿರಬೇಕೆಂದು ಅಪ್ಪಣೆ ಪಡೆದ ಮನೆಯ ಆಳಿಗಂತೂ ಈ ಪರೀಕ್ಷೆಯ ಸುಳಿವೇ ಇರಲಿಲ್ಲ. ಆದರೂ ಫಲ ಬೇರೆಯಾಗಲಿಲ್ಲ. ಇಲ್ಲಿ ಕೈಯಾಡಿಸಿದವರಿಲ್ಲ, ಮಂತ್ರ ಹೇಳಿದವರಿಲ್ಲ. ಆದುದರಿಂದ ಶಕ್ತಿಯಿರುವುದು ಮಾಡಿಸುವವನ ಕೈಯಲ್ಲಲ್ಲ, ಮಾಡುವವನ ಏಕಾಗ್ರತೆಯಲ್ಲಿ ಎಂಬುದು ಬ್ರೇಡನಿಗೆ ಸ್ಪಷ್ಟವಾಯಿತು.

ಆದರೆ ಈ ಮಾತು ಎಲ್ಲರಿಗೂ ಹಿಡಿಸಲಿಲ್ಲ. 1842ರಲ್ಲಿ ಲಿವರ್‌ಪೂಲಿನ ಪಾದ್ರಿಯೊಬ್ಬನು ಇದು ಸೈತಾನನ ಕೆಲಸವೆಂದು ಉಪದೇಶ ಮಾಡಿದನು. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಕೂಡಿದ ವಿಜ್ಞಾನಿಗಳ ಮಹಾಸಭೆಯು ಅವನ ಲೇಖನವನ್ನು ಸ್ವೀಕರಿಸಲಿಲ್ಲ. ಬ್ರೇಡನು ಎದೆಗುಂದದೆ ಪಾದ್ರಿಗೆ ಕಿರುಹೊತ್ತಗೆಯ ಮೂಲಕ ಉತ್ತರವಿತ್ತನು. ಸಭೆಗೆ ಬಂದಿದ್ದವರನ್ನು ತಾನೇ ಆಮಂತ್ರಿಸಿ ತನ್ನ ಪ್ರಯೋಗಗಳನ್ನು ತೋರಿಸಿದನು. 1843ರಲ್ಲಿ ಅವನ ಗ್ರಂಥ ಹೊರಬಂದಿತು. ನಿದ್ರೆಯೆಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ ಹಿಪ್ನಾಟಿಸಂ ಎಂಬ ಹೆಸರು ಅವನಿಂದಲೇ ಪ್ರಚಾರಕ್ಕೆ ಬಂದಿತು. ಆದರೆ ಇದು ನಿಜವಾದ ನಿದ್ರೆಯಲ್ಲ, ಮನಸ್ಸು ಒಂದೇ ಭಾವದಲ್ಲಿ ನೆಲೆನಿಲ್ಲುವ ಸ್ಥಿತಿ ಎಂದು ಮುಂದೆ ಮನವರಿಕೆಯಾದಾಗ, ತಾನೇ ಕೊಟ್ಟ ಹೆಸರನ್ನು ಬಿಡಲೂ ಅವನು ಹಿಂಜರಿಯಲಿಲ್ಲ. 1847ರಲ್ಲಿ ಏಕಭಾವವೆಂಬರ್ಥದ ಬೇರೊಂದು ಹೆಸರನ್ನು ಸೂಚಿಸಿದನು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು.

ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಈ ವಿದ್ಯೆ ಕಾಲಿಟ್ಟಿತ್ತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯನು ಮೆಸ್ಮರನ ಪದ್ಧತಿಯಿಂದ ರೋಗಿಗಳನ್ನು ಮೈಮರೆಯಿಸಿ ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆಯಲಾರಂಭಿಸಿದನು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದುದರಿಂದ ಶಸ್ತ್ರವೈದ್ಯರಿಗೆ ಇದರ ಅಗತ್ಯ ಕಡಿಮೆಯಾಯಿತು.

ಬ್ರೇಡನು 1860ರ ಮಾರ್ಚ್ 25ರಂದು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡನು. ಅವನು ಹಾಕಿದ ದಾರಿಯಲ್ಲಿ ಸಂಶೋಧನೆ ಮುಂದುವರಿಯಿತು. 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಸಮ್ಮೋಹನಕ್ಕೆ ಚಿಕಿತ್ಸೆಯಲ್ಲಿ ಸ್ಥಾನವುಂಟೆಂದು ಒಪ್ಪಿತು. ಇಂದು ನೋವು, ಕಳವಳ, ಕೆಲವು ಬಗೆಯ ಕರುಳಿನ ತೊಂದರೆಗಳಲ್ಲಿ ಅದನ್ನು ಇತರ ಚಿಕಿತ್ಸೆಗಳ ಜೊತೆಗೆ ಬಳಸುತ್ತಾರೆ. ಮೊದಲು ವೈದ್ಯನು ರೋಗಿಯೊಡನೆ ಮಾತನಾಡಿ ಕಷ್ಟವನ್ನು ತಿಳಿಯುತ್ತಾನೆ. ಬಳಿಕ ಮೈಯನ್ನು ಸಡಿಲಿಸಿ, ಗಮನವನ್ನು ಒಂದೆಡೆ ನಿಲ್ಲಿಸಿ, ಹಿತವಾದ ಸೂಚನೆಗಳನ್ನು ಕೊಡುತ್ತಾನೆ. ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ, ಒಲ್ಲೆನೆನ್ನುವ ಸ್ವಾತಂತ್ರ್ಯವೂ ಉಳಿದಿರುತ್ತದೆ. ಎಲ್ಲರ ಮೇಲೂ ಫಲ ಒಂದೇ ಸಮನಲ್ಲ. ಮರೆತುಹೋದ ನೆನಪುಗಳನ್ನು ಇದರಿಂದ ಹೊರತೆಗೆಯುವೆವೆಂಬ ಮಾತು ನಂಬತಕ್ಕುದಲ್ಲ. ಹಾಗೆ ಬಂದ ನೆನಪು ಸುಳ್ಳಾಗಿರಬಹುದು. ಈ ಚಿಕಿತ್ಸೆಯನ್ನು ತರಬೇತಿ ಪಡೆದ ವೈದ್ಯರಿಂದಲೋ ಮನಶ್ಶಾಸ್ತ್ರಜ್ಞರಿಂದಲೋ ಪಡೆಯಬೇಕೇ ಹೊರತು ಬೀದಿಯ ಆಟಗಾರರಿಂದಲ್ಲ.

ಮೋಸವನ್ನು ಬಯಲು ಮಾಡಲು ಹೊರಟ ಬ್ರೇಡನು ಸತ್ಯದ ಒಂದು ತುಣುಕನ್ನು ಕಂಡನು. ಅದಕ್ಕೆ ಅಂಟಿದ್ದ ಸುಳ್ಳನ್ನು ಕಳಚಿ, ಸತ್ಯವನ್ನು ಮಾತ್ರ ಉಳಿಸಿಕೊಂಡನು. ನಗರದಲ್ಲಿ ಬಾಳುವ ನಮ್ಮ ಕಿವಿಗೆ ದಿನವೂ ನೂರು ಬಗೆಯ ಚಿಕಿತ್ಸೆಗಳ ಹೊಗಳಿಕೆ ಬೀಳುತ್ತಿರುತ್ತದೆ. ಅವುಗಳನ್ನು ಕೇಳುವಾಗ ಬ್ರೇಡನ ಮನೆಯ ಆ ಸಕ್ಕರೆ ಬಟ್ಟಲನ್ನು ನಾವು ನೆನೆಯುವುದು ಒಳ್ಳೆಯದು.