ಸರ್ ಆಲ್‌ಫ್ರೆಡ್ ಚಾಟರ್ಟನ್ ಮತ್ತು ಸೇಲಂನ ನೇಕಾರರು

ಪರ್ಕಳದಿಂದ ಮಣಿಪಾಲಕ್ಕೂ ಉಡುಪಿಗೂ ದಿನಂಪ್ರತಿ ಕೆಲಸಕ್ಕೆ ಹೋಗಿಬರುವ ಗುಮಾಸ್ತರೂ ಕಾರ್ಮಿಕರೂ ಬಹುಮಂದಿ ಇದ್ದಾರೆ. ಅವರ ಕಚೇರಿಗಳಿಗೆ ಆಗಾಗ ಹೊಸ ಯಂತ್ರವೊಂದು ಬರುತ್ತದೆ. ನೌಕರರು ಹೊಸತನ್ನು ಒಲ್ಲರೆಂಬ ಮೇಲಧಿಕಾರಿಗಳ ದೂರೂ ಅದರ ಬೆನ್ನಿಗೇ ಬರುತ್ತದೆ. ಬ್ಯಾಂಕುಗಳಿಗೆ ಗಣಕಯಂತ್ರವನ್ನು ತರಹೊರಟಾಗಲೂ ಇದೇ ದೂರು ಕೇಳಿಬಂದಿದ್ದಿತು. 1983ರಲ್ಲಿ ಬ್ಯಾಂಕುಗಳ ಒಕ್ಕೂಟವೂ ನೌಕರರ ಸಂಘಗಳೂ ಎದುರುಬದುರು ಕುಳಿತು ಒಪ್ಪಂದ ಮಾಡಿಕೊಂಡ ಮೇಲೆಯೇ ಆ ಕೆಲಸ ಸಾಗಿತು. ಈ ದೂರಿನಲ್ಲಿ ನಿಜವೆಷ್ಟೆಂಬುದನ್ನು ತೂಗಿನೋಡಲು, ನಮ್ಮ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಆ ಪ್ರಾಂತದ ಕೈಗಾರಿಕೆಗಳನ್ನು ನೋಡಿಕೊಳ್ಳುತ್ತಿದ್ದ ಸರ್ ಆಲ್‌ಫ್ರೆಡ್ ಚಾಟರ್ಟನ್ನರ ಚರಿತ್ರೆಯು ತಕ್ಕುದೆಂದು ನಮಗೆ ತೋರುತ್ತದೆ.

1866ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚಾಟರ್ಟನ್ನರು 1888ರಲ್ಲಿ ಮದ್ರಾಸಿಗೆ ಬಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಆಗಿನ ಆಂಗ್ಲ ಅಧಿಕಾರಿಗಳಲ್ಲಿ ಹೆಚ್ಚಿನವರಿಗೆ ಈ ದೇಶದ ಕೈಕೆಲಸವೆಂದರೆ ವಸ್ತುಪ್ರದರ್ಶನದಲ್ಲಿ ಇಟ್ಟು ನೋಡುವ ಪದಾರ್ಥ. ಚಾಟರ್ಟನ್ನರಿಗಾದರೋ ಅದು ಹೊಟ್ಟೆಗೆ ಅನ್ನವಿಕ್ಕಬೇಕಾದ ಉದ್ಯೋಗ. 1898ರಲ್ಲಿ ಅವರು ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳನ್ನು ಮಾಡಿಸಲಾರಂಭಿಸಿದರು. ತರುವಾಯ ಕ್ರೋಮ್ ಪದ್ಧತಿಯಿಂದ ಚರ್ಮ ಹದಮಾಡುವುದನ್ನೂ ಕೈಗೊಂಡರು.

ಬಾವಿಯ ನೀರೆತ್ತಲು ಎಣ್ಣೆಯಂತ್ರಗಳನ್ನು ಹೂಡಿಸಿದ್ದು ಅವರಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚಿನ ಕೀರ್ತಿಯನ್ನು ತಂದಿತು. ತಲೆತಲಾಂತರದಿಂದ ಕಪಿಲೆಯ ಎತ್ತುಗಳನ್ನು ನಂಬಿದ್ದ ರೈತನು ಹೊಗೆಯುಗುಳುವ ಯಂತ್ರವನ್ನು ಸಂಶಯದಿಂದ ನೋಡಿದುದು ಸಹಜವೇ. ಆದರೆ ಅದು ಅವನ ಬಾವಿಯ ಮೇಲೆಯೇ ಕುಳಿತಿತು. ಕೊಳ್ಳಲು ಸರಕಾರದಿಂದ ಸಾಲ ದೊರೆಯಿತು, ಹೂಡಿಕೊಡಲು ಇಲಾಖೆಯವರು ಬಂದರು. ಬೆಳೆಯೂ ಹೊಲವೂ ಅವನವೇ ಆಗಿ ಉಳಿದುವು. ಸಂಶಯವು ಕ್ರಮೇಣ ಕರಗಿತು, ಯಂತ್ರಗಳು ಹೆಚ್ಚಿದುವು.

ಇದೇ ಚಾಟರ್ಟನ್ನರು ನೇಯ್ಗೆಯ ವಿಷಯದಲ್ಲಿ ಎಡವಿದರು. ಕೈಯಿಂದ ಕೈಗೆ ಲಾಳಿಯನ್ನೆಸೆದು ನೇಯುವ ಹಳೆಯ ಕ್ರಮದ ಬದಲು, ಹಗ್ಗ ಜಗ್ಗಿದರೆ ತಾನೇ ಹಾರುವ ಲಾಳಿಯನ್ನು ಬಳಕೆಗೆ ತರಬೇಕೆಂಬುದು ಅವರ ಹವಣಿಕೆ. ಈ ಲಾಳಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿಯೇ ಅದಕ್ಕೆ ಹಕ್ಕು ಪಡೆದಿದ್ದನು. ನಮ್ಮ ಮಂಗಳೂರಿಗೆ 1851ರಲ್ಲಿ ಬಾಸೆಲ್ ಮಿಶನ್ನಿನ ಹಾಲರನು ಅದನ್ನು ತಂದಿದ್ದನು. ಮಿಶನ್ನಿನ ನೇಯ್ಗೆ ಶಾಲೆಯನ್ನು ಸೇರಿದವರಲ್ಲಿ ಮತಾಂತರದಿಂದ ಕುಲವೃತ್ತಿಯನ್ನು ಕಳಕೊಂಡವರು ಇದ್ದರು. ಅಂಥವರಿಗೆ ಬಿಡಬೇಕಾದ ಹಳೆಯ ಮಗ್ಗವೇ ಇರಲಿಲ್ಲ.

ಸೇಲಂನ ಸಂಗತಿ ಬೇರೆ. ಅಲ್ಲಿದ್ದವರು ಹುಟ್ಟಾ ನೇಕಾರರು. 1906ರ ಸುಮಾರಿಗೆ ಚಾಟರ್ಟನ್ನರು ಅಲ್ಲಿ ಸರಕಾರದ ವತಿಯಿಂದ ಕೈಮಗ್ಗದ ಕಾರಖಾನೆಯೊಂದನ್ನು ತೆರೆದರು. ಒಳ್ಳೆಯ ಮಗ್ಗ, ಸಿದ್ಧವಾದ ಹಾಸು, ದುಡಿದಷ್ಟು ಕೂಲಿ. ಸಾಹುಕಾರನ ಸಾಲದಿಂದಲೂ ನೇಕಾರನು ಪಾರಾದಾನೆಂಬ ಆಸೆ. ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದ್ದಿತು. ಆದರೆ ಊರಿನ ನೇಕಾರರು ಅತ್ತ ಕಾಲಿಡಲು ಹಿಂಜರಿದರು.

ಅವರನ್ನು ಮೂಢರೆಂದು ಕರೆಯುವುದು ಸುಲಭ, ಕರೆದವರೂ ಉಂಟು. ನಾವು ಹಾಗೆ ಎಣಿಸಲಾರೆವು. ಮನೆಯ ಮಗ್ಗದಲ್ಲಿ ನೇಕಾರನು ಒಬ್ಬಂಟಿಗನಲ್ಲ. ಹೆಂಡತಿ ನೂಲು ಸುತ್ತುವಳು, ಮಕ್ಕಳು ಕದಿರು ತುಂಬುವರು, ಮುದುಕರು ಹಾಸಿಗೆ ಗಂಜಿ ಹಾಕುವರು. ಅವನು ಕಾರಖಾನೆಗೆ ಹೊರಟರೆ ಇಷ್ಟು ಕೈಗಳ ದುಡಿಮೆಗೆ ಅಲ್ಲಿ ಎಡೆಯೆಲ್ಲಿ? ಹಬ್ಬ, ಮದುವೆ, ಜ್ವರ ಎಂದು ಮಗ್ಗದಿಂದೇಳುವ ಸ್ವಾತಂತ್ರ್ಯವೂ ಹೋಗುವುದು. ತನ್ನ ಮನೆಯಲ್ಲಿ ಬಡವನಾದರೂ ಯಜಮಾನನಾಗಿದ್ದವನು ಮೇಸ್ತ್ರಿಯ ಕಣ್ಣೆದುರು ಕೂಲಿಯವನಾಗುವನು. ನೂಲು ಕೊಟ್ಟು ಬಟ್ಟೆ ಕೊಳ್ಳುವ ಸಾಹುಕಾರರಿಗೂ ಈ ಕಾರಖಾನೆ ಹಿತವಾಗಿರಲಿಲ್ಲ. ಕಷ್ಟಕಾಲದಲ್ಲಿ ಮುಂಗಡ ಕೊಡುವವನು ಸಾಹುಕಾರನೇ ಹೊರತು ಸರಕಾರವಲ್ಲವೆಂಬುದು ನೇಕಾರನಿಗೆ ಗೊತ್ತಿದ್ದಿತು.

ಅವರು ಒಲ್ಲದುದು ಲಾಳಿಯನ್ನಲ್ಲ, ಲಾಳಿಯನ್ನಿರಿಸಿದ್ದ ಕೊಟ್ಟಿಗೆಯನ್ನು. ಹೀಗೆನ್ನಲು ಆಧಾರವುಂಟು. ಕಾರಖಾನೆಯು ನೇಕಾರರಿಗಾಗಿ ತಡಕಾಡುತ್ತಿದ್ದ ಅದೇ ವರ್ಷಗಳಲ್ಲಿ ಹಾರುವ ಲಾಳಿಯು ಪ್ರಾಂತದ ಹಲವು ಊರುಗಳಲ್ಲಿ ಮನೆಯಿಂದ ಮನೆಗೆ ಹಬ್ಬುತ್ತಿದ್ದಿತು. ಊರ ಬಡಗಿಯು ಹಳೆಯ ಮಗ್ಗಕ್ಕೇ ಅದನ್ನು ಅಳವಡಿಸಬಲ್ಲನು. ನೇಯುವ ವೇಗವು ಹೆಚ್ಚಿದುದನ್ನು ನೆರೆಯವನು ಕಣ್ಣಾರೆ ಕಾಣಬಲ್ಲನು. 1942ರ ಕೈಮಗ್ಗ ವಿಚಾರಣಾ ಸಮಿತಿಯ ವರದಿಯ ಹೊತ್ತಿಗೆ ಮದ್ರಾಸ್ ಪ್ರಾಂತದ ಬಹುಪಾಲು ಮಗ್ಗಗಳಲ್ಲಿ ಈ ಲಾಳಿಯೇ ಓಡುತ್ತಿದ್ದಿತು.

ಸೇಲಂನ ಕಾರಖಾನೆ ಮುಚ್ಚಿದುದು ಮಾತ್ರ ನೇಕಾರರಿಂದಲ್ಲ. ಸರಕಾರವು ವ್ಯಾಪಾರಕ್ಕಿಳಿಯುವುದು ಮದ್ರಾಸಿನ ಆಂಗ್ಲ ವರ್ತಕರಿಗೆ ಸಹಿಸಲಿಲ್ಲ. ಅವರ ಕೂಗಿಗೆ ಭಾರತ ಮಂತ್ರಿ ಮಾರ್ಲೆ ಸಾಹೇಬರು ಕಿವಿಗೊಟ್ಟು, 1910ರಲ್ಲಿ ಇಂಥ ಸಾಹಸಗಳನ್ನೆಲ್ಲ ತಡೆದರು. ಈ ದೇಶದವರು ಹೊಸತನ್ನು ಕಲಿಯರೆಂದು ಹಳಿಯುತ್ತಿದ್ದ ಆಳ್ವಿಕೆಯೇ ಕಲಿಸುವವನ ಕೈಯನ್ನೂ ಕಟ್ಟಿತೆಂಬುದನ್ನು ನಾವು ಮರೆಯುವಂತಿಲ್ಲ.

1912ರಲ್ಲಿ ಚಾಟರ್ಟನ್ನರು ಮೈಸೂರು ಸಂಸ್ಥಾನಕ್ಕೆ ಬಂದರು. ಅದೇ ವರ್ಷ ದಿವಾನರಾದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ಮುಖ್ಯಸ್ಥರಾಗಿ ದುಡಿದರು. ಯುರೋಪಿನ ಯುದ್ಧದಿಂದ ಶ್ರೀಗಂಧದ ಮರಕ್ಕೆ ಗಿರಾಕಿಗಳು ಇಲ್ಲವಾದಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯಲು 1916ರಲ್ಲಿ ಬೆಂಗಳೂರಿನಲ್ಲಿ ಕಾರಖಾನೆ ಏರ್ಪಟ್ಟುದರಲ್ಲಿ ಅವರ ಕೈವಾಡವುಂಟು. 1916ರಿಂದ 1918ರವರೆಗೆ ಭಾರತ ಕೈಗಾರಿಕಾ ಆಯೋಗದ ಸದಸ್ಯರಾಗಿದ್ದರು. ಅದರಲ್ಲಿ ಪಂಡಿತ ಮದನಮೋಹನ ಮಾಲವೀಯರೂ ಕುಳಿತು ತಮ್ಮ ಭಿನ್ನಾಭಿಪ್ರಾಯವನ್ನು ಬರೆದಿಟ್ಟರು. 1919ರಲ್ಲಿ ಚಾಟರ್ಟನ್ನರಿಗೆ ಸರ್ ಪದವಿ ಬಂದಿತು. ಅವರು 1958ರಲ್ಲಿ ತೀರಿಕೊಂಡರು.