ದೊಡ್ಡಸ್ವಾಮಿ ಅಬ್ಬೆ ದ್ಯುಬ್ವಾ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ ದೊಡ್ಡಸ್ವಾಮಿಯವರೆಂದು ಹೆಸರಾದವರು ಫ್ರಾನ್ಸಿನ ವಂದನೀಯ ಅಬ್ಬೆ ದ್ಯುಬ್ವಾ. 1792ರಲ್ಲಿ ಗುರುಪಟ್ಟ ಪಡೆದು ಭಾರತಕ್ಕೆ ಹೊರಟ ಅವರು, 1799ರಲ್ಲಿ ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಇಲ್ಲಿನವರ ಉಡುಗೆ, ಊಟ, ನಡೆನುಡಿಗಳನ್ನೇ ತಮ್ಮವಾಗಿಸಿಕೊಂಡುದರಿಂದ ಮೇಲ್ಜಾತಿಯವರ ನಡುವೆಯೂ ಅವರಿಗೆ ಪ್ರವೇಶ ದೊರೆಯಿತು. 1803–04ರಲ್ಲಿ ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕಿಸಿದರು. ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟಿಸುವುದೇ ಆಗಿನ ವಿಧಾನ. ಮಡಿ ಮೈಲಿಗೆಯ ನಾಡಿನಲ್ಲಿ ಅದೇನು ಸಾಮಾನ್ಯ ಕೆಲಸವೇ!

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಹಿಂದಿನ ಯೇಸುಸಭೆಯ ಗುರು ಕೂರ್ದುರವರ ಬರಹವೇ ಆಧಾರವೆಂದು ವಿದ್ವಾಂಸರು ಈಚೆಗೆ ತೋರಿಸಿದ್ದಾರೆ. ಯಾರ ಬಾಳನ್ನು ಅದು ಬಣ್ಣಿಸಿತೋ ಅವರಿಗಾಗಿ ಬರೆದುದಲ್ಲ ಆ ಗ್ರಂಥ; ಅದನ್ನು ಕೊಂಡವರು ಆಳುವವರು. ಉತ್ತರ ಹೇಳುವ ಅವಕಾಶ ಇತರರಿಗಿರಲಿಲ್ಲ.

ಇದಕ್ಕಿಂತಲೂ ಮನ ನೋಯಿಸುವುದು ಅವರ 1823ರ ಪತ್ರಗಳು. ಇಪ್ಪತ್ತೈದು ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲೆರಡು ಪಾಲು ಅಸ್ಪೃಶ್ಯರು, ಭಿಕ್ಷುಕರು ಎಂದು ಅವರು ಸೋಲಿನ ಲೆಕ್ಕದಂತೆ ಬರೆದರು. ಆ ಬಡವರು ಏಕೆ ಬಂದರು, ಏನನ್ನು ಅರಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿದ್ದರೆ ಆ ಪತ್ರಗಳ ಬೆಲೆಯೇ ಬೇರೆಯಾಗುತ್ತಿತ್ತು.

ಅದೇ ವರ್ಷ ಸ್ವದೇಶಕ್ಕೆ ತೆರಳಿ, ಪ್ಯಾರಿಸ್ಸಿನ ಮಿಷನ್ ಸೆಮಿನರಿಯ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿ, 1848ರಲ್ಲಿ ದೈವಾಧೀನರಾದರು. ಮೈಸೂರಿಗೆ ಮತ್ತೆ ಬರಲಿಲ್ಲ.